ಜರ್ಮನ್ ತಾಟು, ಹಾಲಿನ ಕ್ಯಾನು, ತೆಳು ಡಬ್ಬಿ: ಮುರಗೋಡ ಸೀಮೆಯಲ್ಲಿ ಅಲ್ಯುಮಿನಿಯಂ

ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಿರಿಯರ ಬಾಯಲ್ಲಿ ಅಲ್ಯುಮಿನಿಯಂ ಎಂಬ ಶಬ್ದ ಇಂದಿಗೂ ಅಪರೂಪ. ಅವರಿಗೆ ಅದು ‘ಜರ್ಮನ್’. ಜರ್ಮನ್ ತಾಟು, ಜರ್ಮನ್ ಬೋಗುಣಿ, ಜರ್ಮನ್ ಡಬ್ಬಿ. ನೆರೆಯ ಮರಾಠಿಯಲ್ಲೂ ಇದೇ ಹೆಸರು ನಡೆಯುತ್ತದೆ. ಕಡಲಾಚೆಯಿಂದ ಬಂದ ಬಿಳಿಯ, ಹಗುರ ಪಾತ್ರೆಗೆ ಜನ ದೇಶದ ಹೆಸರು ಇಟ್ಟು ಸುಮ್ಮನಾದರು, ಲೋಹದ ಹೆಸರು ಕೇಳುವ ಗೋಜಿಗೆ ಹೋಗಲಿಲ್ಲ. ತಂಪು ಪಾನೀಯವೋ ಬಿಯರೋ ತುಂಬಿಕೊಂಡು ಬರುವ ಇಂದಿನ ತೆಳು ಡಬ್ಬಿ ಈ ಲೋಹ ಇಲ್ಲಿ ತಾಳಿದ ರೂಪಗಳಲ್ಲಿ ತೀರ ಈಚಿನದು. ಅದಕ್ಕಿಂತ ಮೊದಲೇ ಲೋಹ ಅಡುಗೆಮನೆ ಸೇರಿತ್ತು, ಹಾಲಿನ ಡೇರಿ ಸೇರಿತ್ತು, ಕಿಸೆಯೊಳಗಿನ ಪೈಸೆಯೂ ಆಗಿತ್ತು. ಒಡೆದ ಪಾತ್ರೆಯನ್ನು ತೂಕಕ್ಕೆ ಹಾಕಿ ಕಾಸು ಎಣಿಸಿಕೊಳ್ಳುವ ರೂಢಿಯಂತೂ ಅಲ್ಯುಮಿನಿಯಂಗಿಂತ ಹಳೆಯದು. ಡಬ್ಬಿ ಬಂದಾಗ ಅದನ್ನು ಹೊತ್ತೊಯ್ಯುವ ದಾರಿ ಆಗಲೇ ಸವೆದು ಹದವಾಗಿತ್ತು.

ಬೈಲಹೊಂಗಲದಿಂದ ಯರಗಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಮುರಗೋಡ ಬ್ರಿಟಿಷರ ಕಾಲದಲ್ಲಿ ಪರಸಗಡ ತಾಲೂಕಿಗೆ ಸೇರಿತ್ತು. ಸವದತ್ತಿ ತಾಲೂಕಿಗೆ ಆಗಿನ ಹೆಸರು ಅದು. 1956ರವರೆಗೆ ಇಡೀ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಊರಿಗೆ ಹೆಸರು ತಂದದ್ದು ಮಹಾಂತ ಶಿವಯೋಗಿಗಳ ಮಠ ಮತ್ತು 1758ರಲ್ಲಿ ಹುಟ್ಟಿದ ಚಿದಂಬರ ದೀಕ್ಷಿತರ ಪರಂಪರೆ. ಒಂದು ಕಡೆ ದಾಸೋಹ, ಇನ್ನೊಂದು ಕಡೆ ಯಜ್ಞದ ಸಂತರ್ಪಣೆ. ಹೀಗೆ ನೂರಾರು ಎಲೆ ಹಾಕುವ ಊರಿಗೆ ದೊಡ್ಡ ಪಾತ್ರೆಗಳು ಬೇಕೇ ಬೇಕು. ಕೊಪ್ಪರಿಗೆ, ಹಂಡೆ, ಪರಾತ, ಗಂಗಾಳ, ಕೊಡ, ಚರಿಗೆ ಎಲ್ಲವೂ ತಾಮ್ರ, ಹಿತ್ತಾಳೆ, ಕಂಚಿನವು. ಬಡವರ ಮನೆಯಲ್ಲಿ ಮಣ್ಣಿನ ಗಡಿಗೆ.

ಲೋಹದ ಪಾತ್ರೆಯ ಸುತ್ತ ಒಂದು ಕಸುಬಿನ ಬಳಗವೇ ಇತ್ತು. ಬೋಗಾರರು ಪಾತ್ರೆ ಮಾರುತ್ತಿದ್ದರು. ಕಂಚುಗಾರರು ಎರಕ ಹೊಯ್ಯುತ್ತಿದ್ದರು, ತಾಮ್ರದ ಕೆಲಸದವರು ತಗಡು ಬಡಿಯುತ್ತಿದ್ದರು. ಕಲಾಯಿ ಹಾಕುವವರು ಊರೂರು ತಿರುಗುತ್ತ, ನೆಲದಲ್ಲಿ ಗುಂಡಿ ತೋಡಿ ತಿದಿ ಊದಿ, ಕಾದ ಪಾತ್ರೆಯೊಳಗೆ ನವಸಾಗರ ಉಜ್ಜಿ ತವರದ ಬಿಳಿ ಲೇಪ ಹಚ್ಚಿ ಕೊಡುತ್ತಿದ್ದರು. ಹುಣಸೆ ಹುಳಿಯಾಗಲಿ ಮಜ್ಜಿಗೆಯಾಗಲಿ ಬರಿಯ ಹಿತ್ತಾಳೆಗೆ ತಗುಲಿದರೆ ಕಿಲುಬು ಬಿಟ್ಟು ಕಹಿಯಾಗುತ್ತದೆ. ಕಲಾಯಿ ಇದ್ದರೆ ಆ ಭಯವಿಲ್ಲ. ಲೋಹಕ್ಕೂ ಆಹಾರಕ್ಕೂ ನಡುವೆ ತೆಳುವಾದ ಒಂದು ಪದರು ಇರಬೇಕೆಂಬ ತಿಳಿವಳಿಕೆ ಇಲ್ಲಿಯ ಅಡುಗೆಮನೆಗೆ ಹೊಸದಲ್ಲ. ಮುಂದೆ ತಂಪು ಪಾನೀಯದ ಡಬ್ಬಿಯೊಳಗೂ ಇದೇ ಉಪಾಯ ಬೇರೆ ರೂಪದಲ್ಲಿ ಬಂದು ಕೂತಿತು.

ತೂತು ಬಿದ್ದ ಕೊಡವನ್ನು ಯಾರೂ ತಿಪ್ಪೆಗೆ ಎಸೆಯುತ್ತಿರಲಿಲ್ಲ. ಅದನ್ನು ತೂಗಿಸಿ, ಮೇಲೆ ಸ್ವಲ್ಪ ಹಣ ಕೊಟ್ಟು ಹೊಸದನ್ನು ತರುವುದು ವಾಡಿಕೆ. ಮಗಳ ಮದುವೆಗೆ ಹೆಸರು ಕೆತ್ತಿಸಿ ಕೊಟ್ಟ ಕೊಡ ಮೂವತ್ತು ವರ್ಷದ ನಂತರ ಕರಗಿ, ಮೊಮ್ಮಗಳ ಮದುವೆಯಲ್ಲಿ ಇನ್ನೊಂದು ಹೆಸರು ಹೊತ್ತು ನಿಲ್ಲುತ್ತಿತ್ತು. ಹೀಗೆ ತೂಕಕ್ಕೆ ಬೀಳುವ ಹಳೆಯ ಸಾಮಾನಿಗೆ ಉತ್ತರ ಕರ್ನಾಟಕದಲ್ಲಿ ಮೋಡಕಾ ಎನ್ನುತ್ತಾರೆ. ಬೆಳಗಾವಿ ಕಡೆ ಮರಾಠಿಯ ಭಂಗಾರ ಎಂಬ ಶಬ್ದವೂ ಬಳಕೆಯಲ್ಲಿದೆ. ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರ. ತಕ್ಕಡಿಯಲ್ಲಿ ಇಟ್ಟು ಬೆಲೆ ಕಟ್ಟುವ ಮಟ್ಟಿಗೆ ಎರಡಕ್ಕೂ ಒಂದೇ ನಿಯಮ.

ಇಲ್ಲಿ ತಾಮ್ರ, ಹಿತ್ತಾಳೆ ಹೀಗೆ ನಡೆದಿದ್ದ ಹೊತ್ತಿಗೆ ಯುರೋಪಿನಲ್ಲಿ ಹೊಸ ಲೋಹ ಇನ್ನೂ ಆಭರಣದ ದರದಲ್ಲಿತ್ತು. ಡೆನ್ಮಾರ್ಕಿನ ಓರ್ಸ್ಟೆಡ್ 1825ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ, ಜರ್ಮನಿಯ ವೋಲರ್ 1827ರಲ್ಲಿ ಆ ಕೆಲಸ ಮುಂದುವರಿಸಿದ. ಮಣ್ಣಿನಲ್ಲಿ ಹೇರಳವಾಗಿದ್ದರೂ ಆಮ್ಲಜನಕದ ಹಿಡಿತದಿಂದ ಅದನ್ನು ಬಿಡಿಸುವುದು ಕಷ್ಟ. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಮೂರು ಕಿಲೋಗೂ ಕಡಿಮೆ ತೂಕದ ಅಲ್ಯುಮಿನಿಯಂ ಕಳಶ ಇಟ್ಟದ್ದು ಆ ಕಾಲಕ್ಕೆ ಶ್ರೀಮಂತಿಕೆಯ ಗುರುತು. ಎರಡೇ ವರ್ಷದಲ್ಲಿ ಕತೆ ತಿರುಗಿತು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವಿಧಾನ ಕಂಡುಕೊಂಡರು: ಕರಗಿದ ಕ್ರಯೋಲೈಟಿನಲ್ಲಿ ಅಲ್ಯುಮಿನಾ ಕರಗಿಸಿ ವಿದ್ಯುತ್ ಹರಿಸುವುದು. ಅದರ ಬೆನ್ನಿಗೇ ಕಾರ್ಲ್ ಬೇಯರ್ ಬಾಕ್ಸೈಟ್ ಅದಿರಿನಿಂದ ಕಾಸ್ಟಿಕ್ ಸೋಡಾ ಬಳಸಿ ಅಲ್ಯುಮಿನಾ ತೆಗೆಯುವ ದಾರಿ ಹಾಕಿಕೊಟ್ಟ. ಲೋಹದ ಬೆಲೆ ಇಳಿಯಿತು, ಬೆಳ್ಳಿಯ ಪಕ್ಕದಲ್ಲಿದ್ದದ್ದು ಒಲೆಯ ಪಕ್ಕಕ್ಕೆ ಬಂತು.

ಭಾರತದಲ್ಲಿ ಇದನ್ನು ಪಾತ್ರೆಯ ಲೋಹವಾಗಿ ಮಾಡಲು ಹೊರಟವನು ಆಲ್ಫ್ರೆಡ್ ಚಾಟರ್ಟನ್. ಮದ್ರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಅವನು ಅಲ್ಯುಮಿನಿಯಂ ತಗಡಿನಿಂದ ಪಾತ್ರೆ ಮಾಡಿಸಲು ಆರಂಭಿಸಿದ. 1903ರಲ್ಲಿ ಆ ಉದ್ಯಮ ಖಾಸಗಿ ಕಂಪನಿಯ ಕೈಗೆ ಹೋಯಿತು. ಇದೇ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದದ್ದರಿಂದ ಕನ್ನಡ ನಾಡಿಗೂ ಅವನ ಹೆಸರು ಪರಿಚಿತ. ಮುಂಬಯಿ ಪ್ರಾಂತದ ಬೆಳಗಾವಿಗೆ ಮಾತ್ರ ಮಾಲು ಮುಂಬಯಿ, ಪುಣೆಯ ದಾರಿಯಲ್ಲೇ ಬರುತ್ತಿತ್ತು.

ಜರ್ಮನ್ ಪಾತ್ರೆಗೆ ಮೊದಮೊದಲು ಮರ್ಯಾದೆ ಕಡಿಮೆ. ದೇವರ ನೈವೇದ್ಯಕ್ಕೆ ಅದು ಬರಲಿಲ್ಲ, ಮದುವೆಯ ಬಳುವಳಿಗೂ ಸಲ್ಲಲಿಲ್ಲ. ಹುಳಿ ಹಾಕಿದರೆ ಕಪ್ಪಾಗುತ್ತದೆ, ಬಿದ್ದರೆ ಚಪ್ಪಟೆಯಾಗುತ್ತದೆ ಎಂಬ ದೂರೂ ಇತ್ತು. ಆದರೆ ಕಲಾಯಿಯ ಖರ್ಚಿಲ್ಲ. ಹೊಲಕ್ಕೆ ಬುತ್ತಿ ಒಯ್ಯಲು ಹಗುರ. ಒಲೆಯ ಮೇಲೆ ಬೇಗ ಕಾಯುತ್ತದೆ. ಕೂಲಿಯವರ ಮನೆಯಲ್ಲಿ ಮಣ್ಣಿನ ಗಡಿಗೆ ಬಿಟ್ಟುಕೊಟ್ಟ ಜಾಗಕ್ಕೆ ಬಂದದ್ದು ಹಿತ್ತಾಳೆಯಲ್ಲ, ಜರ್ಮನ್. ಸ್ವಾತಂತ್ರ್ಯಾನಂತರ ಗಟ್ಟಿ ಮಿಶ್ರಲೋಹದ ‘ಹಿಂಡಾಲಿಯಂ’ ಪಾತ್ರೆ ಬಂದ ಮೇಲೆ ಚಪ್ಪಟೆಯಾಗುವ ದೂರು ಕಡಿಮೆಯಾಯಿತು. ಮುಂದೆ ಸ್ಟೀಲು ಬಂದು ತಾಟು, ಲೋಟದ ಜಾಗವನ್ನು ಕಸಿದುಕೊಂಡಿತಾದರೂ ಜಾತ್ರೆ, ಮದುವೆ, ಮಠದ ಅಡುಗೆಯ ದೊಡ್ಡ ಬೋಗುಣಿಗಳಲ್ಲಿ ಅಲ್ಯುಮಿನಿಯಂ ಉಳಿದುಕೊಂಡಿತು. ಅದೇ ಅಳತೆಯ ತಾಮ್ರದ ಕೊಪ್ಪರಿಗೆಯನ್ನು ಎತ್ತಿಳಿಸಲು ಎಷ್ಟು ಆಳು ಬೇಕೆಂದು ಅಡುಗೆಯವರನ್ನೇ ಕೇಳಬೇಕು.

ಪಾತ್ರೆಯ ಮಾತು ಇಷ್ಟಾದರೆ, ತುಂಬಿ ಮಾರುವ ಡಬ್ಬಿಯ ಇತಿಹಾಸ ಬೇರೆ ದಾರಿಯದು. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿ ಕೆಡದಂತೆ ಇಡುವ ಉಪಾಯವನ್ನು ಫ್ರಾನ್ಸಿನ ನಿಕೋಲಾ ಅಪೇರ್ ಗಾಜಿನಲ್ಲಿ ಸಾಧಿಸಿದ. 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತವರ ಬಳಿದ ಕಬ್ಬಿಣದ ಡಬ್ಬಿಗೆ ಪೇಟೆಂಟ್ ಪಡೆದ. ಮುರಗೋಡದಂಥ ಊರಿಗೆ ಆ ತಗಡಿನ ಡಬ್ಬಿ ಆಹಾರ ತುಂಬಿಕೊಂಡು ಬಂದದ್ದು ಕಡಿಮೆ, ಚಿಮಣಿ ಎಣ್ಣೆ ತುಂಬಿಕೊಂಡು ಬಂದದ್ದು ಹೆಚ್ಚು. ನಾಲ್ಕು ಗ್ಯಾಲನ್ನಿನ ಚೌಕ ಡಬ್ಬಿ ಖಾಲಿಯಾದ ಮೇಲೆ ಅಡ್ಡಕ್ಕೊಂದು ಕಟ್ಟಿಗೆ ಬಡಿಸಿಕೊಂಡು ನೀರಿನ ಬಿಂದಿಗೆಯಾಯಿತು. ಸೀಳಿ ಬಿಡಿಸಿದರೆ ಗುಡಿಸಲಿನ ಮಾಡಿಗೆ ತಗಡಾಯಿತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾದ ಹಳದಿ ಡಬ್ಬಿಯ ಹಣೆಬರಹವೂ ಅದೇ. ತುಪ್ಪದ ಹೆಸರಿನಲ್ಲಿ ಬಂದದ್ದು ತೀರಿದ ಮೇಲೆ ಬೇಳೆಕಾಳು ತುಂಬಿಸಿಕೊಂಡು ಹತ್ತಾರು ವರ್ಷ ಗೂಡಿನಲ್ಲಿ ಕೂತಿತು, ತುಳಸಿಯ ಕುಂಡವೂ ಆಯಿತು.

ತಂಪು ಪಾನೀಯಕ್ಕೆ ಡಬ್ಬಿ ಇರಲೇ ಇಲ್ಲ, ಇದ್ದದ್ದು ಗೋಲಿ ಸೋಡಾ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ರೂಪಿಸಿದ ಆ ಬಾಟಲಿಯ ಕತ್ತಿನಲ್ಲಿ ಗಾಜಿನ ಗೋಲಿ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಮೇಲೆ ತಳ್ಳಿ ಬಾಯಿ ಮುಚ್ಚಿಸುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಾಗಲಿ ಬೈಲಹೊಂಗಲದ ಸಂತೆಯಲ್ಲಾಗಲಿ ಸೋಡಾ ಕುಡಿದವನು ಬಾಟಲಿಯನ್ನು ಅಲ್ಲೇ ಕೊಟ್ಟು ಹೋಗಬೇಕು, ಬಾಟಲಿ ಅಂಗಡಿಯವನ ಸ್ವತ್ತು. ಮರಳಿ ಕೊಡುವುದನ್ನು ಕಲಿಸಲು ಯಾವ ಪ್ರಚಾರವೂ ಬೇಕಾಗಲಿಲ್ಲ.

ಪಾತ್ರೆ, ಡಬ್ಬಿಗಳ ಆಚೆಗೆ ಬೆಳಗಾವಿ ಜಿಲ್ಲೆಗೂ ಅಲ್ಯುಮಿನಿಯಂಗೂ ಇನ್ನೊಂದು ನಂಟು ಕೂಡಿಬಂತು. ಪಶ್ಚಿಮಘಟ್ಟದ ನೆತ್ತಿಯ ಬಯಲುಗಳಲ್ಲಿ ಬಸಾಲ್ಟ್ ಶಿಲೆ ಲಕ್ಷಾಂತರ ವರ್ಷ ಮಳೆಗೆ ತೊಯ್ದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದ ಕೆಂಪು ಜಂಬಿಟ್ಟಿಗೆಯಾಗಿದೆ. ಕೊಲ್ಲಾಪುರ ಜಿಲ್ಲೆಯ ಚಂದಗಡ, ರಾಧಾನಗರಿ ಭಾಗದ ಇಂಥ ಬಯಲುಗಳಲ್ಲಿ ಒಳ್ಳೆಯ ಬಾಕ್ಸೈಟ್ ಸಿಗುತ್ತದೆ. ಮುರಗೋಡ, ಸವದತ್ತಿಯ ನೆಲ ಇದಕ್ಕೆ ತೀರ ಬೇರೆ: ಎರೆಮಣ್ಣು, ಅದರ ಅಂಚಿಗೆ ಕಲಾದಗಿ ಶ್ರೇಣಿಯ ಗಟ್ಟಿ ಮರಳುಗಲ್ಲು. ಬಾಕ್ಸೈಟಿನ ಕಣವೂ ಇಲ್ಲಿಲ್ಲ. ಅದಿರಿಗೆ ಹತ್ತಿರ, ಹೆದ್ದಾರಿಗೆ ಅಂಟಿಕೊಂಡ ಬೆಳಗಾವಿಯ ಯಮನಾಪುರದಲ್ಲಿ ಇಂಡಿಯನ್ ಅಲ್ಯುಮಿನಿಯಂ ಕಂಪನಿ, ಅಂದರೆ ಇಂಡಾಲ್, 1970ರ ಸುಮಾರಿಗೆ ಕಾರ್ಖಾನೆ ಎಬ್ಬಿಸಿತು. ಕೆನಡಾದ ಆಲ್ಕಾನ್ ಒಡೆತನದ ನೆರಳಿನಲ್ಲಿ ಬೆಳೆದ ಇಂಡಾಲ್ 1943ರಲ್ಲೇ ಕೇರಳದ ಆಲುವಾ ಬಳಿ ಲೋಹ ತೆಗೆದಿತ್ತು.

ಬೆಳಗಾವಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕೆಂಬ ಯೋಜನೆ: ಬಾಕ್ಸೈಟಿನಿಂದ ಅಲ್ಯುಮಿನಾ, ಅಲ್ಯುಮಿನಾದಿಂದ ಲೋಹ. ಲೆಕ್ಕ ಸರಳ. ಸುಮಾರು ನಾಲ್ಕು ಟನ್ ಬಾಕ್ಸೈಟ್ ಎರಡು ಟನ್ ಅಲ್ಯುಮಿನಾ ಆಗುತ್ತದೆ, ಎರಡು ಟನ್ ಅಲ್ಯುಮಿನಾ ಒಂದು ಟನ್ ಲೋಹ ಕೊಡುತ್ತದೆ. ಕೊನೆಯ ಹೆಜ್ಜೆಗೆ ವಿದ್ಯುತ್ತೇ ಅನ್ನ. ಒಂದು ಕಿಲೋ ಲೋಹಕ್ಕೆ ಸುಮಾರು 14 ಯೂನಿಟ್ ಕರೆಂಟ್ ಬೇಕು. ಶರಾವತಿಯ ಅಗ್ಗದ ಜಲವಿದ್ಯುತ್ ಇದ್ದಾಗ ಮೇಲೆದ್ದ ಈ ಲೆಕ್ಕ, ರಾಜ್ಯದಲ್ಲಿ ವಿದ್ಯುತ್ ಕೊರತೆ ಬಂದು ದರವೂ ಏರಿದಾಗ ಕುಸಿಯಿತು. ಲೋಹ ತೆಗೆಯುವ ಘಟಕ ನಿಂತುಹೋಯಿತು, ಅಲ್ಯುಮಿನಾ ಘಟಕ ಉಳಿಯಿತು. ಇಂಡಾಲ್ 2000ದಲ್ಲಿ ಹಿಂಡಾಲ್ಕೋದ ಕೈಗೆ ಬಂದ ಮೇಲೆ ಯಮನಾಪುರ ವಿಶೇಷ ದರ್ಜೆಯ ಅಲ್ಯುಮಿನಾಗೆ ಹೆಸರಾಯಿತು. ಪಿಂಗಾಣಿ, ಬೆಂಕಿ ಇಟ್ಟಿಗೆ, ನೀರು ಶುದ್ಧಿಯ ರಾಸಾಯನಿಕಗಳಿಗೆ ಅದು ಹೋಗುತ್ತದೆ. ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಈಗ ಸಿಮೆಂಟ್ ಕಾರ್ಖಾನೆಗಳಿಗೆ ಸಾಗುತ್ತಿದೆ. ಹೀಗಾಗಿ ಜಿಲ್ಲೆಯಲ್ಲಿ ಅಲ್ಯುಮಿನಿಯಂ ಕಾರ್ಖಾನೆ ಇದೆ ಎಂದು ಹೇಳಿಕೊಂಡರೂ ಮುರಗೋಡದ ಅಂಗಡಿಗೆ ಬರುವ ಬೋಗುಣಿಯಾಗಲಿ ಡಬ್ಬಿಯಾಗಲಿ ಅಲ್ಲಿ ಹುಟ್ಟಿದ್ದಲ್ಲ.

ಲೋಹ ತೆಗೆಯುವ ಘಟಕದ ಸೋಲಿನಲ್ಲಿ ಹಳೆಯ ಡಬ್ಬಿಗೆ ಇರುವ ಬೆಲೆಯ ಗುಟ್ಟೂ ಇದೆ. ಇಂದಿನ ಒಂದು ಪಾನೀಯದ ಡಬ್ಬಿ ಸುಮಾರು 13 ಗ್ರಾಂ. ಅಷ್ಟು ಲೋಹವನ್ನು ಅಲ್ಯುಮಿನಾದಿಂದ ತೆಗೆಯಲು ಬೇಕಾದ ಕರೆಂಟಿನಲ್ಲಿ 60 ವ್ಯಾಟಿನ ಬಲ್ಬು ಮೂರು ತಾಸು ಉರಿಯುತ್ತದೆ. ಹಳೆಯ ಡಬ್ಬಿ ಕರಗಿಸಿದರೆ ಶಕ್ತಿಯ ಖರ್ಚಿನಲ್ಲಿ ನೂರಕ್ಕೆ 95ರಷ್ಟು ಉಳಿತಾಯ, ಬಲ್ಬು ಒಂಬತ್ತು-ಹತ್ತು ನಿಮಿಷ ಉರಿದಷ್ಟೇ. ಲೋಹ 660 ಡಿಗ್ರಿ ಸೆಲ್ಸಿಯಸಿಗೇ ಕರಗುತ್ತದೆ, ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡದು. ಮೋಡಕಾದವನು ಕೊಡುವ ದುಡ್ಡು ಈ ಉಳಿದ ಕರೆಂಟಿನ ಒಂದು ಪಾಲು.

‘ಕ್ಯಾನು’ ಎಂದರೆ ಈ ಸೀಮೆಯ ರೈತರಿಗೆ ಮೊದಲು ನೆನಪಾಗುವುದು ಬಿಯರಲ್ಲ, ಹಾಲು. ನಲವತ್ತು ಲೀಟರು ಹಿಡಿಯುವ, ಅಗಲ ಹೊಟ್ಟೆ, ಸಣ್ಣ ಕತ್ತು, ಎರಡು ಹಿಡಿಕೆಯ ಅಲ್ಯುಮಿನಿಯಂ ಕ್ಯಾನು. ದೇಶದಲ್ಲಿ 1970ರಲ್ಲಿ ಆರಂಭವಾದ ಕ್ಷೀರ ಮಹಾಪೂರ ಯೋಜನೆ, ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೊದಲಾದ ಡೇರಿ ಅಭಿವೃದ್ಧಿ ಯೋಜನೆ, 1984ರಲ್ಲಿ ಹೆಸರು ಪಡೆದ ಕರ್ನಾಟಕ ಹಾಲು ಮಹಾಮಂಡಳಿ, ಇವುಗಳ ಬೆನ್ನಿಗೆ ಉತ್ತರದ ಜಿಲ್ಲೆಗಳ ಹಳ್ಳಿಗಳಲ್ಲೂ ಹಾಲಿನ ಸಂಘಗಳು ಹುಟ್ಟಿದವು. ಈ ಕ್ಯಾನಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 1825 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಬೆಳಗಿನ ಜಾವ ಸಂಘದ ಕಟ್ಟೆಯ ಮೇಲೆ ತುಂಬಿ ನಿಲ್ಲುವ ಕ್ಯಾನು ಲಾರಿ ಏರಿ ಡೇರಿಗೆ ಹೋಗುತ್ತದೆ. ಬಿಸಿ ನೀರು, ಹಬೆಯಲ್ಲಿ ತೊಳೆಸಿಕೊಂಡು ಮರಳಿ ಅದೇ ಕಟ್ಟೆಗೆ ಬರುತ್ತದೆ. ತಂತಮ್ಮ ಸಂಘದ ಕ್ಯಾನು ಗುರುತಿಸಲು ಮೈಮೇಲೆ ಬಣ್ಣದಲ್ಲಿ ಊರ ಹೆಸರು, ನಂಬರು. ಬಸ್ಸಿನ ಟಾಪಿನಿಂದ, ಟೆಂಪೊದ ಹಲಗೆಯಿಂದ ಎಷ್ಟೋ ಸಲ ಕೆಳಗೆ ಬಿದ್ದು ಮೈಯೆಲ್ಲ ತಗ್ಗುತೆಗ್ಗಾಗಿದ್ದರೂ ಸೋರದಿದ್ದರೆ ಅದರ ನೌಕರಿ ಮುಗಿಯುವುದಿಲ್ಲ. ಒಂದು ಅಲ್ಯುಮಿನಿಯಂ ಕ್ಯಾನು ಮಾಡಬಹುದಾದ ಅತ್ಯುತ್ತಮ ಕೆಲಸ ಇದೇ: ಕರಗದೆ, ರೂಪ ಬದಲಿಸದೆ ಸಾವಿರಾರು ಸಲ ತುಂಬಿಕೊಳ್ಳುವುದು. ಹಾಲು ತಂಪು ಮಾಡುವ ದೊಡ್ಡ ತೊಟ್ಟಿಗಳು ಹಳ್ಳಿಗೇ ಬಂದ ಮೇಲೆ, ಸ್ಟೀಲಿನ ಕ್ಯಾನುಗಳೂ ಹೆಚ್ಚಿದ ಮೇಲೆ, ಇದರ ಕಾಲ ಇಳಿಮುಖವಾಗಿದೆ.

ಇದೇ ಲೋಹದ ಕೆಟ್ಟ ಮುಖವೂ ಈ ನೆಲಕ್ಕೆ ಗೊತ್ತು. ಬೈಲಹೊಂಗಲ ಹತ್ತಿಯ ಪೇಟೆ. ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ವರಲಕ್ಷ್ಮಿ, ಮುಂದಿನ ದಶಕದಲ್ಲಿ ಡಿಸಿಎಚ್ 32 ತಳಿ ಬಂದ ಮೇಲೆ ಉದ್ದ ಎಳೆಯ ಹತ್ತಿಯ ಜೊತೆಗೆ ಹುಳದ ಕಾಟ, ಔಷಧ ಸಿಂಪಡಣೆಯೂ ಬೆಳೆದವು. ಆ ಕೀಟನಾಶಕಗಳಲ್ಲಿ ಹಲವು ಅಲ್ಯುಮಿನಿಯಂ ಬಾಟಲಿಯಲ್ಲಿ ಬರುತ್ತಿದ್ದವು. ಗಟ್ಟಿಮುಟ್ಟಾದ, ಚೆಂದದ, ತಿರುಪಿನ ಮುಚ್ಚಳದ ಬಾಟಲಿ. ಡಾಲ್ಡಾ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡ ಮನೆ ಇದನ್ನೂ ತೊಳೆದು ಇಟ್ಟುಕೊಳ್ಳುವ ಅಪಾಯ ದೊಡ್ಡದಿತ್ತು. ಮರುಬಳಕೆ ಎಲ್ಲ ಕಾಲಕ್ಕೂ ಪುಣ್ಯದ ಕೆಲಸ ಎನ್ನುವವರು ಈ ಬಾಟಲಿಯನ್ನು ನೆನೆಯಬೇಕು. ವಿಷ ತುಂಬಿದ್ದ ಪಾತ್ರೆ ನೀರಿಗಾಗಲಿ ಎಣ್ಣೆಗಾಗಲಿ ಯಾವತ್ತೂ ಸಲ್ಲದು.

ಪೈಸೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 1964-65ರಿಂದ ಮೂರು ಪೈಸೆ, ಒಂದು, ಎರಡು ಪೈಸೆಯ ನಾಣ್ಯಗಳು ಅಲ್ಯುಮಿನಿಯಂನಲ್ಲಿ ಬಂದವು, ಆಮೇಲೆ ಐದು, ಹತ್ತು, ಇಪ್ಪತ್ತು. ಒಂದು ಪೈಸೆಯ ತೂಕ 0.75 ಗ್ರಾಂ. ಇಂದಿನ ಒಂದು ಖಾಲಿ ಡಬ್ಬಿಯಲ್ಲಿ ಅಂಥ ಹದಿನೇಳು ನಾಣ್ಯದ ಲೋಹವಿದೆ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಪೈಸೆ ಹೋಯಿತು, ಡಬ್ಬಿಗೆ ಬೆಲೆ ಉಳಿಯಿತು.

ಪಾನೀಯದ ಡಬ್ಬಿ ಹುಟ್ಟಿದ್ದು ಅಮೆರಿಕದಲ್ಲಿ. 1935ರ ಜನವರಿ 24ರಂದು ವರ್ಜೀನಿಯಾದ ರಿಚ್ಮಂಡಿನಲ್ಲಿ ಕ್ರೂಗರ್ ಕಂಪನಿ ಮೊದಲ ಸಲ ಬಿಯರನ್ನು ಡಬ್ಬಿಯಲ್ಲಿ ಮಾರಿತು; ಅದು ಉಕ್ಕಿನದು, ತೆರೆಯಲು ಮೊಳೆಯಂಥ ಸಾಧನ ಬೇಕಿತ್ತು. 1959ರ ಜನವರಿಯಲ್ಲಿ ಕೊಲರಾಡೋದ ಕೂರ್ಸ್ ಕಂಪನಿ ಅಲ್ಯುಮಿನಿಯಂ ಡಬ್ಬಿ ತಂದಿತು. ಖಾಲಿ ಡಬ್ಬಿ ಮರಳಿಸಿದವರಿಗೆ ಒಂದು ಸೆಂಟ್ ಕೊಡುವುದಾಗಿಯೂ ಸಾರಿತು. ಮೋಡಕಾದ ನ್ಯಾಯ ಅಲ್ಲಿ ಕಂಪನಿಯ ಪ್ರಯೋಗವಾಗಿ ಬಂದದ್ದು ಹೀಗೆ. ಓಹಿಯೋದ ಎರ್ಮಲ್ ಫ್ರೇಜ್ 1960ರ ದಶಕದ ಆರಂಭದಲ್ಲಿ ಬೆರಳಿನಿಂದ ಎಳೆದು ಕೀಳುವ ಕಿವಿ ಜೋಡಿಸಿದ. ಕಿತ್ತ ಕಿವಿಗಳು ದಂಡೆ, ಉದ್ಯಾನಗಳಲ್ಲಿ ಬಿದ್ದು ಕಾಲಿಗೆ ಚುಚ್ಚತೊಡಗಿದ ಮೇಲೆ, 1975ರಲ್ಲಿ ರೆನಾಲ್ಡ್ಸ್ ಕಂಪನಿಯ ಡೇನಿಯಲ್ ಕಡ್ಜಿಕ್ ರೂಪಿಸಿದ, ತೆರೆದರೂ ಡಬ್ಬಿಗೇ ಅಂಟಿಕೊಂಡಿರುವ ಕಿವಿ ಬಳಕೆಗೆ ಬಂತು. ಇಂದು ಕಾಣುವುದು ಅದೇ.

ಡಬ್ಬಿ ನೋಡಲು ಸಾದಾ, ಮಾಡುವುದು ನಾಜೂಕು. ತಗಡಿನಿಂದ ಬಿಲ್ಲೆ ಕತ್ತರಿಸಿ, ಬಟ್ಟಲಾಗಿ ಒತ್ತಿ, ಬಟ್ಟಲಿನ ಗೋಡೆಯನ್ನು ಬಿಗಿಯಾದ ಉಂಗುರಗಳ ಮೂಲಕ ನೂಕಿ ಎತ್ತರಕ್ಕೆ ಎಳೆಯುತ್ತಾರೆ. ತಳಕ್ಕೂ ಗೋಡೆಗೂ ನಡುವೆ ಬೆಸುಗೆಯೇ ಇಲ್ಲ. ಕೊನೆಗೆ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅಷ್ಟು ತೆಳು ತಗಡು ಒಳಗಿನ ಅನಿಲದ ಒತ್ತಡವನ್ನು, ಹೊರಗಿನ ಗಾಳಿಯ ಒತ್ತಡದ ಆರರಷ್ಟಾದರೂ, ತಡೆಯುತ್ತದೆ. ತಳ ಒಳಕ್ಕೆ ಕಮಾನಿನಂತೆ ಬಾಗಿರುವುದು ಅದಕ್ಕಾಗಿ. ಮೈಯ ಲೋಹದಲ್ಲಿ ನೂರಕ್ಕೆ ಒಂದರಷ್ಟು ಮ್ಯಾಂಗನೀಸ್, ಅಷ್ಟೇ ಮೆಗ್ನೀಸಿಯಂ. ಮುಚ್ಚಳ ಗಟ್ಟಿಯಿರಬೇಕಾದ್ದರಿಂದ ಮೆಗ್ನೀಸಿಯಂ ನಾಲ್ಕೂವರೆಯಷ್ಟು. ಒಳಮೈಗೆ ಅರಗಿನಂಥ ಲೇಪ. ಕೋಲಾ ಹುಳಿ, ಅಲ್ಯುಮಿನಿಯಂ ಹುಳಿಗೆ ಸೋಲುವ ಲೋಹ. ಮುರಗೋಡದ ಗೃಹಿಣಿ ಜರ್ಮನ್ ಬೋಗುಣಿಯಲ್ಲಿ ಸಾರು ಇಟ್ಟು ಕಂಡುಕೊಂಡದ್ದೂ ಇದನ್ನೇ. ಲೇಪವೇ ಈ ಡಬ್ಬಿಯ ಕಲಾಯಿ.

1970ರ ದಶಕದ ಆರಂಭದಲ್ಲಿ ಸುಮಾರು 21 ಗ್ರಾಂ ತೂಗುತ್ತಿದ್ದ ಡಬ್ಬಿ ಕತ್ತು ಕಿರಿದಾಗಿಸಿ, ಗೋಡೆ ಸವೆಸಿ ಇಂದು 13 ಗ್ರಾಮಿಗೆ ಇಳಿದಿದೆ. ಕಂಪನಿಗೆ ಇದು ಜಾಣತನ. ಆಯುವವರ ಚೀಲದ ಕಡೆಯಿಂದ ನೋಡಿದರೆ ಬೇರೆ ಲೆಕ್ಕ. ಆಗಿನ ಡಬ್ಬಿ ಸುಮಾರು ನಲವತ್ತೆಂಟು ಸೇರಿದರೆ ಒಂದು ಕಿಲೋ, ಈಗ ಎಪ್ಪತ್ತೈದಕ್ಕೂ ಹೆಚ್ಚು ಬೇಕು. ಬಗ್ಗಿ ಎತ್ತುವ ಶ್ರಮ ಮಾತ್ರ ಒಂದೊಂದು ಡಬ್ಬಿಗೂ ಅಷ್ಟೇ.

ಭಾರತದಲ್ಲಿ ಈ ಡಬ್ಬಿಯ ದಿನಗಳು ಆರಂಭವಾದದ್ದು 1990ರ ದಶಕದಲ್ಲಿ, ಪೆಪ್ಸಿ ಬಂದು 1993ರಲ್ಲಿ ಕೋಕಾಕೋಲಾ ಮರಳಿದ ಮೇಲೆ. ಆಮೇಲೆ ಮುಂಬಯಿ ಬಳಿಯ ತಳೋಜಾ, ಔರಂಗಾಬಾದ್, ಆಂಧ್ರದ ಶ್ರೀ ಸಿಟಿಗಳಲ್ಲಿ ಡಬ್ಬಿ ಮಾಡುವ ಕಾರ್ಖಾನೆಗಳು ನಿಂತವು. ಅದಕ್ಕೆ ಬೇಕಾದ ತೆಳು ತಗಡು ಬಹುಕಾಲ ಹೊರದೇಶದಿಂದಲೇ ಬರುತ್ತಿತ್ತು. ಬೆಳಗಾವಿ ಸೀಮೆಗೆ ಡಬ್ಬಿ ತಂದದ್ದು ಹೆದ್ದಾರಿ. ಪುಣೆ–ಬೆಂಗಳೂರು ರಸ್ತೆ ಕಿತ್ತೂರಿನ ಮಗ್ಗುಲಲ್ಲೇ ಹಾದುಹೋಗುತ್ತದೆ, ದಾಬಾಗಳು ಅದರುದ್ದಕ್ಕೂ ಇವೆ. ಗೋವಾ ಪ್ರವಾಸಿಗಳ ಓಡಾಟವೂ ಬೆಳಗಾವಿಯ ಮೂಲಕ. ಒಳನಾಡಿನ ಮುರಗೋಡ, ರಾಮದುರ್ಗದಲ್ಲಿ ಡಬ್ಬಿಯ ಪಾನೀಯ ಬಾಟಲಿಗಿಂತ ದುಬಾರಿಯಾದ್ದರಿಂದ ಅದು ಹಬ್ಬ, ಜಾತ್ರೆ, ಪಾರ್ಟಿಯ ಸಾಮಾನಾಗಿಯೇ ಉಳಿದಿದೆ.

ಕುಡಿದೆಸೆದ ಡಬ್ಬಿ ಹೆಚ್ಚು ಹೊತ್ತು ನೆಲದ ಮೇಲಿರುವುದಿಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಅಲ್ಲಿಯೇ ಒಲೆ ಹೂಡಿ, ಹೋಳಿಗೆ ಮಾಡಿ, ಪಡಲಗಿ ತುಂಬಿ, ಉಂಡು ಏಳುತ್ತಾರೆ. ಜಾತ್ರೆ ಮುಗಿದ ಬಯಲಿನಲ್ಲಿ ಉಳಿಯುವ ಕಸವನ್ನು ನೋಡಿದರೆ ಯಾವ ಪ್ಯಾಕಿಂಗಿಗೆ ಬೆಲೆಯಿದೆ, ಯಾವುದಕ್ಕಿಲ್ಲ ಎಂಬುದಕ್ಕೆ ಬೇರೆ ಪಾಠ ಬೇಡ. ಲೋಹದ ಡಬ್ಬಿ, ದಪ್ಪ ಬಾಟಲಿ, ರಟ್ಟು ಆಯುವವರ ಚೀಲ ಸೇರುತ್ತವೆ. ಗುಟಖಾ, ಚಿಪ್ಸು, ಶಾಂಪೂವಿನ ಹೊಳೆಯುವ ಚೀಟಿಗಳು ಅಲ್ಲೇ ಗಾಳಿಗೆ ತೂರಾಡುತ್ತವೆ. ಆ ಹೊಳಪೂ ಅಲ್ಯುಮಿನಿಯಂನದೇ. ಆದರೆ ಪ್ಲಾಸ್ಟಿಕ್ಕಿನ ಮೇಲೆ ಉಸಿರು ಹಾಯಿಸಿದಷ್ಟು ತೆಳುವಾಗಿ ಕೂತ ಲೋಹವನ್ನು ಬಿಡಿಸಿ ತೂಗುವುದು ಯಾರಿಗೂ ಗಿಟ್ಟದ ಕೆಲಸ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಈ ಚೀಟಿಗಳ ಸುಗ್ಗಿ ಆಮೇಲೂ ನಿಂತಿಲ್ಲ. ಒಂದೇ ಲೋಹ ಒಂದು ರೂಪದಲ್ಲಿ ಕಾಸು, ಇನ್ನೊಂದರಲ್ಲಿ ಕಸ.

ಮೋಡಕಾ ಅಂಗಡಿಯವನ ಮೊದಲ ಪರೀಕ್ಷೆ ಅಯಸ್ಕಾಂತ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಜರ್ಮನ್. ಆಮೇಲೆ ಜಾತಿವಾರು ಗುಂಪು: ತಂತಿ ಬೇರೆ, ಪಾತ್ರೆ ಬೇರೆ, ಎಂಜಿನ್ನಿನ ಎರಕದ ತುಂಡು ಬೇರೆ, ಡಬ್ಬಿ ಬೇರೆ. ಕರೆಂಟಿನ ತಂತಿ ಹೆಚ್ಚು ಶುದ್ಧ, ಅದಕ್ಕೆ ಮೇಲಿನ ದರ. ಡಬ್ಬಿಗೆ ಬಣ್ಣ, ಲೇಪ, ಒಳಗೆ ಉಳಿದ ಹನಿ ಎಲ್ಲವೂ ಇರುವುದರಿಂದ ದರ ಕೆಳಗೆ. ಹನಿಯ ವಿಷಯದಲ್ಲಿ ಹುಷಾರಾಗಿರಲೇಬೇಕು. ಕಾದ ಲೋಹದೊಳಗೆ ನೀರಿರುವ ಡಬ್ಬಿ ಬಿದ್ದರೆ ಕುಲುಮೆ ಸಿಡಿಯುತ್ತದೆ. ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಚೀಲ ಕಟ್ಟಿದ ಮಾಲು ಊರ ಅಂಗಡಿಯಿಂದ ತಾಲೂಕಿನ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರದಂಥ ಎರಕದ ಕೆಲಸವಿರುವ ಪಟ್ಟಣಗಳಿಗೆ ಹತ್ತುತ್ತದೆ.

ಆ ಮುಂದಿನ ಹೆಜ್ಜೆಯಲ್ಲೇ ದೇಶದ ವ್ಯವಸ್ಥೆ ಕುಂಟುತ್ತದೆ. ಹಳೆಯ ಡಬ್ಬಿ ಮತ್ತೆ ಡಬ್ಬಿಯೇ ಆದರೆ ಲೋಹಕ್ಕೆ ಅದರ ಪೂರ್ಣ ಬೆಲೆ. ಬೇರೆ ದೇಶಗಳಲ್ಲಿ ಅದು ಎರಡು ತಿಂಗಳೊಳಗೆ ಕರಗಿ, ತಗಡಾಗಿ, ತುಂಬಿಕೊಂಡು ಮತ್ತೆ ಅಂಗಡಿಗೆ ಬರುವುದುಂಟು. ಬ್ರೆಜಿಲ್ ನೂರಕ್ಕೆ 95ಕ್ಕಿಂತ ಹೆಚ್ಚು ಡಬ್ಬಿ ಮರಳಿ ಪಡೆಯುತ್ತದೆ. ಅಲ್ಲಿಯೂ ಅದನ್ನು ಸಾಧಿಸಿದ್ದು ತೂಕಕ್ಕೆ ಮಾರಿ ಬದುಕುವ ಆಯುವ ಜನ. ಭಾರತದಲ್ಲಿ ಆಯುವುದು ಚೆನ್ನಾಗಿಯೇ ನಡೆಯುತ್ತದೆ. ಕರಗಿಸುವಾಗ ಮಾತ್ರ ಡಬ್ಬಿಯ ಜೊತೆ ಪಾತ್ರೆ, ಎರಕದ ತುಂಡು ಎಲ್ಲವೂ ಬೆರೆಯುತ್ತವೆ. ಸಿಲಿಕಾನ್, ಕಬ್ಬಿಣ ಸೇರಿದ ಲೋಹವನ್ನು ಮಿಲಿಮೀಟರಿನ ಹತ್ತನೆಯ ಭಾಗಕ್ಕೆ ಎಳೆಯಲು ಬರುವುದಿಲ್ಲ. ಅದು ಯಂತ್ರದ ಬಿಡಿಭಾಗ, ಅಗ್ಗದ ಬೋಗುಣಿ, ಉಕ್ಕಿನ ಕುಲುಮೆಯಲ್ಲಿ ಆಮ್ಲಜನಕ ಹೀರುವ ಬಿಲ್ಲೆ ಇತ್ಯಾದಿಯಾಗಿ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಆಯುವವರ ಕೊರತೆಯಿಂದ ಹೀಗಾದದ್ದಲ್ಲ. ಬೇರೆ ಮಾಡಿ ಕರಗಿಸಿ ತಗಡು ಎಳೆಯುವ ಕಾರ್ಖಾನೆ ಮಾಡಬೇಕಾದ ಕೆಲಸವನ್ನು ಮಾಡದೆ, ದೋಷವನ್ನು ಕಸ ಎಸೆಯುವ ಜನರ ತಲೆಗೆ ಕಟ್ಟುವುದು ಸುಲಭದ ಮಾತು.

ಕೇಂದ್ರ ಪರಿಸರ ಸಚಿವಾಲಯ 2025ರಲ್ಲಿ ಕಬ್ಬಿಣೇತರ ಲೋಹಗಳ ಗುಜರಿಗೆ ತಯಾರಕರನ್ನೇ ಹೊಣೆ ಮಾಡುವ ನಿಯಮ ಹೊರಡಿಸಿತು. ಜಾರಿಯ ದಿನ 2026ರ ಏಪ್ರಿಲ್ 1. ಅಲ್ಯುಮಿನಿಯಂ ಆ ಪಟ್ಟಿಯಲ್ಲಿದೆ. ತೂಕದ ಲೆಕ್ಕ, ನೋಂದಣಿ, ಪ್ರಮಾಣಪತ್ರಗಳ ಈ ಸರಣಿಯ ಮೊದಲ ಕೊಂಡಿ ಎಂದಿನಂತೆ ಊರ ಮೋಡಕಾ ಅಂಗಡಿಯೇ. ಕಾಗದಪತ್ರವಿಲ್ಲದೆ ನೂರು ವರ್ಷ ಈ ಕೆಲಸ ಮಾಡಿದವರಿಗೆ ನಿಯಮದೊಳಗೆ ಜಾಗ ಸಿಗದಿದ್ದರೆ ಸರಣಿ ಮೊದಲಲ್ಲೇ ಕಡಿಯುತ್ತದೆ.

ಯಮನಾಪುರದ ಕಾರ್ಖಾನೆಯ ಒಡೆಯ ಹಿಂಡಾಲ್ಕೋ 2007ರಲ್ಲಿ ಅಮೆರಿಕದ ನೊವೆಲಿಸ್ ಕಂಪನಿಯನ್ನು 600 ಕೋಟಿ ಡಾಲರ್ ಲೆಕ್ಕದಲ್ಲಿ ಕೊಂಡಿತು. ಡಬ್ಬಿಯ ತಗಡು ಎಳೆಯುವುದರಲ್ಲಿ, ಹಳೆಯ ಡಬ್ಬಿ ಕರಗಿಸುವುದರಲ್ಲಿ ನೊವೆಲಿಸ್ ಜಗತ್ತಿಗೇ ದೊಡ್ಡದು. ವರ್ಷಕ್ಕೆ ಏಳು ಸಾವಿರ ಕೋಟಿಗೂ ಹೆಚ್ಚು ಡಬ್ಬಿಗಳು ಅದರ ಕುಲುಮೆ ಸೇರುತ್ತವೆ. ಆ ಕುಲುಮೆಗಳು ಇರುವುದು ಅಮೆರಿಕ, ಬ್ರೆಜಿಲ್, ಜರ್ಮನಿ, ಬ್ರಿಟನ್, ಕೊರಿಯಾಗಳಲ್ಲಿ.